ಶೆಡ್ ಬಿಡದ ವಿಮಾನ

ವಿಮಾನ ಕಟ್ಟುವುದು ಅಂಥ ಕಷ್ಟದ ಕೆಲಸವೇನಲ್ಲ. ನಮ್ಮ ಕೊಯಮತ್ತೂರಿನಲ್ಲಿ ಸಂದಿಗೊಂದು ಲೇತ್ ಇದೆ. ಪಂಪು, ಮೋಟಾರು, ಗ್ರೈಂಡರು ಏನು ಕೇಳಿದರೂ ಮಾಡಿಕೊಡುತ್ತಾರೆ. ಇಷ್ಟೆಲ್ಲ ಮಾಡುವ ಊರಿಗೆ ಇಬ್ಬರು ಕೂರುವ ಒಂದು ಪುಟ್ಟ ವಿಮಾನ ಯಾವ ಲೆಕ್ಕ? ನಾನು ಪೀಳಮೇಡಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುವವನು. ಕಾಲೇಜಿನ ತಾರಸಿಯಿಂದ ಪಕ್ಕದ ನಿಲ್ದಾಣದಲ್ಲಿ ದಿನವೂ ವಿಮಾನ ಏರುವುದನ್ನೂ ಇಳಿಯುವುದನ್ನೂ ನೋಡಿ ನೋಡಿ, ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ ಎಂಬ ತೀರ್ಮಾನಕ್ಕೆ ಬಂದೆ. ಆ ತೀರ್ಮಾನವನ್ನು ತುಡಿಯಲೂರಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರ್ಯರೂಪಕ್ಕೆ ತಂದೆ. ಕಾರು ಬೀದಿಗೆ ಬಿತ್ತು.

ಆ ಶೆಡ್ಡಿನ ಮೇಲೆ ನನಗಿಂತ ಮೊದಲೇ ಕಣ್ಣಿಟ್ಟವಳು ನನ್ನ ಹೆಂಡತಿ ವಿಮಲ. ಅವಳು ಮದುವೆ ಬ್ಲೌಸುಗಳಿಗೆ ಆರಿ ಕಸೂತಿ ಹಾಕುತ್ತಾಳೆ. ಅದಕ್ಕೆ ಬಟ್ಟೆಯನ್ನು ಬಿಗಿದು ಕಟ್ಟಲು ಮಂಚದಷ್ಟು ಉದ್ದದ ಚೌಕಟ್ಟು ಬೇಕು. ಆ ಚೌಕಟ್ಟು ನಮ್ಮ ಮಲಗುವ ಕೋಣೆಯಲ್ಲಿತ್ತು, ನಾನು ಅದರ ಪಕ್ಕದಲ್ಲಿ ಕಾಲು ಮಡಚಿಕೊಂಡು ಮಲಗುತ್ತಿದ್ದೆ. ಬೀದಿಯ ಮೂವರು ಹೆಂಗಸರಿಗೆ ಅವಳು ಕೆಲಸ ಕಲಿಸಿದ್ದಳು. ಶೆಡ್ ಸಿಕ್ಕಿದರೆ ನಾಲ್ವರೂ ಕೂತು ಸ್ವಂತ ಅಂಗಡಿ ಶುರು ಮಾಡುವುದೆಂದು ಅವಳ ಆಸೆ. ಅವಳು ಕೇಳಿದಾಗಲೆಲ್ಲ ನಾನು, ಸಂಕ್ರಾಂತಿ ಬಂದು ತೈ ತಿಂಗಳು ಹುಟ್ಟಲಿ, ವಿಮಾನ ಹಾರಿಹೋಗುತ್ತದೆ, ಶೆಡ್ ನಿನ್ನದೇ ಎನ್ನುತ್ತಿದ್ದೆ. ವರ್ಷವರ್ಷವೂ ತೈ ಹುಟ್ಟುತ್ತಿತ್ತು. ವಿಮಾನಕ್ಕೆ ಮಾತ್ರ ಬಾಲ ಹುಟ್ಟಿರುತ್ತಿರಲಿಲ್ಲ.

ಅಂತೂ ಬಾಲವೂ ಹುಟ್ಟಿತು, ರೆಕ್ಕೆಯೂ ಹುಟ್ಟಿತು, ಸರ್ಕಾರದ ಅನುಮತಿಯೂ ಹುಟ್ಟಿತು. ಅಷ್ಟರಲ್ಲಿ ಉಡುಮಲೈ ಕಡೆ ಸ್ವಂತ ರನ್‌ವೇ ಇಟ್ಟುಕೊಂಡಿರುವ ಒಬ್ಬ ಮಿಲ್ ಮಾಲೀಕರು, ನನ್ನಂಥ ಹುಚ್ಚರನ್ನೆಲ್ಲ ಒಂದು ಭಾನುವಾರ ಅವರವರ ವಿಮಾನದೊಂದಿಗೆ ಬರಹೇಳಿದರು. ಅವರದು ಒಂದೇ ಷರತ್ತು. ಅಲ್ಲಿ ಒಮ್ಮೆ ಹಾರಿ ತೋರಿಸಿದ ವಿಮಾನವನ್ನು ಅವರ ಶೆಡ್ಡಿನಲ್ಲೇ ಕಾಯಮ್ಮಾಗಿ ನಿಲ್ಲಿಸಬಹುದು. ಹಾರದ್ದನ್ನು ಸಂಜೆಯೊಳಗೆ ಹೊತ್ತುಕೊಂಡು ಹೋಗಬೇಕು. ಅಂದರೆ ನನ್ನ ವಿಮಾನ ಒಂದು ಸಲ ನೆಲ ಬಿಟ್ಟರೆ ಸಾಕು, ವಿಮಲಳಿಗೆ ಅಂಗಡಿ! ಈ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಅಧಿಕೃತವಾಗಿ ಪ್ರಕಟಿಸಿದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವಳು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಮರುದಿನವೇ ಮೂವರು ಹೆಂಗಸರಿಗೂ ಹೇಳಿಬಂದಳು. ಆ ಭಾನುವಾರದ ಮಾರನೆಯ ದಿನ, ಸೋಮವಾರಕ್ಕೆ, ಶೆಡ್ಡಿಗೆ ಸುಣ್ಣ ಹೊಡೆಯುವವನನ್ನೂ ಗೊತ್ತು ಮಾಡಿದಳು. ನನ್ನನ್ನು ನಂಬಿ ಅವಳು ಮಾಡಿದ ಕೊನೆಯ ಕೆಲಸ ಅದು.

ಹೇಳಲು ಮರೆತೆ, ನನಗೆ ವಿಮಾನ ಹಾರಿಸಲು ಬರುವುದಿಲ್ಲ. ಸೂಲೂರಿನಲ್ಲಿ ನೆಲೆಸಿರುವ ಒಬ್ಬ ನಿವೃತ್ತ ವಿಂಗ್ ಕಮಾಂಡರ್ ಸಾಹೇಬರು ಆ ಉಪಕಾರ ಮಾಡಲು ಒಪ್ಪಿದ್ದರು. ಶೆಡ್ಡಿಗೆ ಬಂದು ಒಂದೊಂದು ತಿರುಪನ್ನೂ ಮುಟ್ಟಿ ನೋಡಿ, ಪರವಾಗಿಲ್ಲ, ಚೆನ್ನಾಗಿಯೇ ಕಟ್ಟಿದ್ದೀರಿ ಎಂದಿದ್ದರು. ಆ ಮಾತಿನ ಮೇಲೆ ನಾನು ಒಂದು ವಾರ ಬದುಕಿದೆ.

ಭಾನುವಾರ ರೆಕ್ಕೆ ಬಿಚ್ಚಿ ಲಾರಿಗೆ ಏರಿಸಿ, ನಾನೂ ವಿಮಲಳೂ ಉಡುಮಲೈ ದಾಟಿ, ಅಲ್ಲಿ ರೆಕ್ಕೆ ಮತ್ತೆ ಜೋಡಿಸಿದೆವು. ತೆಂಗಿನ ತೋಟಗಳ ನಡುವೆ ರನ್‌ವೇ, ಸುತ್ತ ಗಾಳಿಯಂತ್ರಗಳು. ಬೆಂಗಳೂರು, ಹೈದರಾಬಾದುಗಳಿಂದ ಬಂದವರೆಲ್ಲ ಕರಿ ಕನ್ನಡಕ ಹಾಕಿದ ಜನ. ಪರದೇಶದಿಂದ ಬಿಡಿಭಾಗಗಳ ಪೆಟ್ಟಿಗೆ ತರಿಸಿ, ಬೊಂಬೆ ಜೋಡಿಸಿದಂತೆ ಜೋಡಿಸಿಕೊಂಡವರು. ನಿಮ್ಮದು ಯಾವ ಕಂಪನಿಯ ಕಿಟ್ ಎಂದು ಕೇಳಿದರು. ಕಿಟ್ ಅಲ್ಲ, ನಾನೇ ಕಟ್ಟಿದ್ದು ಎಂದೆ. ಹೌದಾ, ಎಂದು ಅಯ್ಯೋ ಪಾಪ ಎನ್ನುವವರ ಹಾಗೆ ನಕ್ಕರು. ಅವರಲ್ಲೊಬ್ಬ ನನ್ನ ವಿಮಾನಕ್ಕೆ ಒರಗಿ ನಿಂತು, ತನ್ನ ಫೋನನ್ನು ನನ್ನ ಕೈಗೇ ಕೊಟ್ಟು, ಒಂದು ಫೋಟೋ ತೆಗೆಯಪ್ಪ ಎಂದ. ತೆಗೆದೆ. ಇನ್ನೊಂದು ಎಂದ. ಅದನ್ನೂ ತೆಗೆದೆ. ಆಗಲಿ ಮಗನೇ, ಇನ್ನೊಂದು ಗಂಟೆ ತಾಳು ಎಂದುಕೊಂಡೆ.

ಅಷ್ಟರಲ್ಲಿ ನಮ್ಮ ಅವ್ವ, ಒಂದು ವ್ಯಾನ್ ತುಂಬ ನೆಂಟರು ಮತ್ತು ಪುಳಿಯೋಗರೆಯೊಂದಿಗೆ ಬಂದಿಳಿದಳು. ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ತೇದ ಗಂಧ, ಕುಂಕುಮ, ನಿಂಬೆಹಣ್ಣು, ತೆಂಗಿನಕಾಯಿ. ಹೊಸ ವಂಡಿಗೆ ಪೂಜೆ ಮಾಡದೆ ಎತ್ತುವುದುಂಟೇ? ವಿಮಾನವು ವಾಯುವಿನ ಒತ್ತಡದಿಂದ ಹಾರತಕ್ಕದ್ದೇ ಹೊರತು ಗಂಧದ ಮಹಿಮೆಯಿಂದಲ್ಲ ಎಂದು ನಾನು ಸಣ್ಣ ಉಪನ್ಯಾಸ ಕೊಟ್ಟೆ. ಅವ್ವ ಉಪನ್ಯಾಸವನ್ನು ಕೇಳುತ್ತಲೇ ತೆಂಗಿನಕಾಯಿ ಹಿಡಿದು ಪ್ರೊಪೆಲ್ಲರಿನ ಕಡೆ ನಡೆದಳು. ಎಲ್ಲಿ ಅದರ ಮೇಲೆಯೇ ಈಡುಗಾಯಿ ಒಡೆದುಬಿಡುತ್ತಾಳೋ ಎಂದು ನನ್ನ ಜೀವ ಹಾರಿತು. ಆ ದಿನ ಹಾರಿದ್ದು ಅದೊಂದೇ. ಓಡಿಹೋಗಿ ತಟ್ಟೆ ಕಿತ್ತುಕೊಂಡು, ಯಾರೂ ಮುಟ್ಟಬೇಡಿ, ಪೂಜೆಯನ್ನು ನಾನೇ ಮಾಡುತ್ತೇನೆ ಎಂದೆ. ಸೂಕ್ಷ್ಮವಾದ ಭಾಗಗಳು ಯಾವುವೆಂದು ಬಲ್ಲವನು ನಾನೊಬ್ಬನೇ ಅಲ್ಲವೇ?

ಇಲ್ಲಿ ನಮ್ಮ ಮನೆತನದ ಒಂದು ಸಂಗತಿ ಹೇಳಬೇಕು. ನಾವು ನೇಯುವವರು. ಆಯುಧಪೂಜೆಯ ದಿನ ಮಗ್ಗಕ್ಕೆ ಗಂಧ ಕುಂಕುಮ ಇಡುವುದು ಮನೆಯ ಹುಡುಗರ ಕೆಲಸ. ಮಗ್ಗದಲ್ಲಿ ಚಾಚಿಕೊಂಡದ್ದು ಏನೇ ಇರಲಿ, ಗೂಟ, ಲಾಳಿಯ ಮೂತಿ, ಕೊಳವೆಯ ತುದಿ, ಒಂದಕ್ಕೂ ಬೊಟ್ಟು ತಪ್ಪಬಾರದು. ತಪ್ಪಿದರೆ ಅವ್ವ ಹೇಳುತ್ತಿದ್ದಳು, ನಾವು ಇಡುತ್ತಿದ್ದೆವು. ನನ್ನ ತಲೆ ಕಾಲೇಜಿಗೆ ಹೋಯಿತು, ಪಾಠ ಹೇಳಿತು, ವಿಮಾನ ಕಟ್ಟಿತು. ಕೈ ಮಾತ್ರ ಮಗ್ಗದ ಗುಂಡಿಯಲ್ಲೇ ಉಳಿದಿತ್ತು.

ಮೂತಿಗೆ ಇಟ್ಟೆ, ಚಕ್ರಗಳಿಗೆ ಇಟ್ಟೆ, ಬಾಲಕ್ಕೆ ಇಟ್ಟೆ. ಸಾಕೆಂದು ತಟ್ಟೆ ಕೆಳಗಿಡುವಾಗ ಹಿಂದಿನಿಂದ ಅವ್ವನ ಧ್ವನಿ ಬಂತು.

"ಲೇ, ಆ ರೆಕ್ಕೆ ಕೆಳಗೆ ಮೊಳೆ ತರ ಒಂದು ನೀಟ್ಕಂಡು ಅದೆಯಲ್ಲ, ಅದ್ಕೆ ಇಟ್ಟೇ ಇಲ್ಲ ನೀನು."

ಅದು ಮೊಳೆಯಲ್ಲ. ಪೆನ್ಸಿಲ್ ಗಾತ್ರದ ಒಂದು ಕೊಳವೆ. ವಿಮಾನ ಓಡುವಾಗ ಅದರ ಬಾಯಿಯೊಳಗೆ ಗಾಳಿ ನುಗ್ಗುತ್ತದೆ, ಆ ಗಾಳಿಯ ಒತ್ತಡದಿಂದ ವೇಗ ತೋರಿಸುವ ಮುಳ್ಳು ಏಳುತ್ತದೆ. ಆ ಕೊಳವೆಯನ್ನು ಕೂರಿಸಿದವನು ನಾನು. ಅದರ ಬಗ್ಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಹೇಳಿದವನು ನಾನು. ಅದರೊಳಗೆ ಧೂಳು ಕೂರಬಾರದೆಂದು ಕೆಂಪು ಪಟ್ಟಿಯ ಮುಚ್ಚಳ ಹೊಲಿಸಿ ಹಾಕಿದ್ದವನೂ ನಾನೇ, ಆ ಬೆಳಿಗ್ಗೆ ತಪಾಸಣೆಗೆಂದು ಅದನ್ನು ತೆಗೆದು ಜೇಬಿನಲ್ಲಿಟ್ಟುಕೊಂಡವನೂ ನಾನೇ. ಬೆರಳು ತುಂಬ ಗಂಧ ತೆಗೆದುಕೊಂಡು ಅದರ ಬಾಯಿಗೆ ಒತ್ತಿ, ಮೇಲೆ ಕುಂಕುಮ ಇಟ್ಟೆ. ಅವ್ವ, ಈಗ ಲಕ್ಷಣವಾಗಿದೆ ಎಂದಳು. ನನಗೂ ಹಾಗೇ ಅನ್ನಿಸಿತು!

ವಿಂಗ್ ಕಮಾಂಡರ್ ಸಾಹೇಬರು ತಮ್ಮ ತಪಾಸಣೆಯನ್ನು ಪೂಜೆಗೆ ಮೊದಲೇ ಮುಗಿಸಿದ್ದರು. ಈಗ ಒಳಗೆ ಕೂತು ಬೆಲ್ಟ್ ಬಿಗಿದುಕೊಂಡು, ಆ ಕೊಳವೆಯ ಮುಚ್ಚಳ ತೆಗೆದಿದೆಯೇ ಎಂದು ಇನ್ನೊಮ್ಮೆ ಕೇಳಿದರು. ನಾನು ಕೆಂಪು ಪಟ್ಟಿಯ ಮುಚ್ಚಳವನ್ನು ಕೈಯಲ್ಲೆತ್ತಿ ಬಾವುಟದಂತೆ ಬೀಸಿದೆ. ಮುಚ್ಚಳ ತೆಗೆದಿತ್ತು, ಅದು ಸತ್ಯ.

ಇಂಜಿನ್ ಗುಡುಗಿತು. ವಿಮಲ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಸರಿದು ಕೂತಳು. ವಿಮಾನ ಓಡತೊಡಗಿತು. ಉಡುಮಲೈಯ ಬಿಸಿಗಾಳಿಗೆ ಗಂಧ ಅಷ್ಟರಲ್ಲಿ ಒಣಗಿ ಕಲ್ಲಾಗಿತ್ತು. ಸಾಹೇಬರು ಮುಳ್ಳು ನೋಡುತ್ತಾರೆ, ಸೊನ್ನೆ. ತೆಂಗಿನ ಮರಗಳು ಹಿಂದೆ ಓಡುತ್ತಿವೆ, ಮುಳ್ಳು ಸೊನ್ನೆ. ವೇಗ ತಿಳಿಯದೆ ವಿಮಾನ ಎತ್ತಿದರೆ ಪ್ರಾಣಕ್ಕೆ ಅಪಾಯ. ಈಗ ಏಳಬಹುದು, ಈಗ ಏಳಬಹುದು ಎಂದು ಒಂದು ಗಳಿಗೆ ಕಾದು, ಇಂಜಿನ್ನಿನ ವೇಗ ಇಳಿಸಿ ಬ್ರೇಕ್ ಒತ್ತಿದರು. ಅಷ್ಟು ಹೊತ್ತಿಗೆ ರನ್‌ವೇ ಮುಗಿದಿತ್ತು. ಮಿಕ್ಕ ಓಟವನ್ನು ನನ್ನ ವಿಮಾನ ಪಕ್ಕದ ಹೊಲದಲ್ಲಿ ಪೂರೈಸಿತು. ಬೇಲಿ ಹರಿದು, ಒಂದು ರೆಕ್ಕೆಯನ್ನು ತೆಂಗಿನ ಮರಕ್ಕೆ ಒಪ್ಪಿಸಿ, ಕಿತ್ತು ಒಣಗಲು ಹಾಕಿದ್ದ ಸಣ್ಣ ಈರುಳ್ಳಿಯ ರಾಶಿಯಲ್ಲಿ ಮೂತಿ ಊರಿ ನಿಂತಿತು.

ಎಲ್ಲರೂ ಓಡಿದೆವು. ಸಾಹೇಬರಿಗೆ ಏನೂ ಆಗಿರಲಿಲ್ಲ. ಮೈಮೇಲಿನ ಈರುಳ್ಳಿ ಸಿಪ್ಪೆ ಕೊಡವಿಕೊಂಡು ಇಳಿದವರೇ ನೆಟ್ಟಗೆ ಆ ಕೊಳವೆಯ ಹತ್ತಿರ ಹೋದರು. ಉಗುರಿನಿಂದ ಕೆರೆದು, ಮೂಗಿಗೆ ಹಿಡಿದು ನೋಡಿದರು.

"ಸಂದನಮ್," ಎಂದರು. "ನಲ್ಲ ಸಂದನಮ್."

ಒಳ್ಳೆಯ ಗಂಧವಂತೆ! ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಜಜ್ಜಿ ಹೋದದ್ದರಿಂದ ಎಲ್ಲರ ಕಣ್ಣಲ್ಲೂ ನೀರಿತ್ತು, ಆದ್ದರಿಂದ ನನ್ನದನ್ನು ಯಾರೂ ವಿಚಾರಿಸಲಿಲ್ಲ. ಫೋಟೋ ತೆಗೆಸಿಕೊಂಡಿದ್ದವನು ಈಗ ವಿಡಿಯೋ ತೆಗೆಯುತ್ತಿದ್ದ. ಅವ್ವ ಮಾತ್ರ ಗೆದ್ದವಳ ಹಾಗೆ ನೆಂಟರಿಗೆ ಹೇಳುತ್ತಿದ್ದಳು, ಗಂಧ ಇಡಿಸಿದ್ದಕ್ಕೆ ಆಳು ಉಳಿದ, ಇಲ್ಲದಿದ್ದರೆ ಮೇಲೆ ಹೋಗಿ ಬೀಳುತ್ತಿದ್ದ ಎಂದು. ಇದಕ್ಕೆ ಮೆಕ್ಯಾನಿಕಲ್ ಶಾಸ್ತ್ರದಲ್ಲಿ ಉತ್ತರವಿಲ್ಲ.

ಓಡಿ ಬರದವಳು ವಿಮಲ ಒಬ್ಬಳೇ. ನಾನು ವಾಪಸ್ ನಡೆದು ಬರುವಾಗಲೂ ಅದೇ ಕುರ್ಚಿಯಲ್ಲಿ ಕೂತಿದ್ದಳು. ಸಾಹೇಬರು ಹೇಗಿದ್ದಾರೆಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಏನ್ರೀ, ಅದು ಇಲ್ಲೇ ಇರ್ತದಾ, ಇಲ್ಲ ತಿರ್ಗ ನಮ್ಮ ಮನೇಗೇ ಬತ್ತದಾ?"

ನಾನು ಲಾರಿಯವನನ್ನು ಕರೆಯಲು ಹೋದೆ.

ವಿಮಾನ ಮನೆಗೆ ಬಂತು. ಮೊದಲು ಅಚ್ಚುಕಟ್ಟಾಗಿ ಶೆಡ್ಡಿನಲ್ಲಿ ಹಿಡಿಯುತ್ತಿದ್ದದ್ದು, ಮುರಿದ ಮೇಲೆ ಹಿಡಿಯಲಿಲ್ಲ. ಸೊಟ್ಟಗಾದ ರೆಕ್ಕೆಯನ್ನು ನಡುಮನೆಯಲ್ಲಿ ಇಡಬೇಕಾಯಿತು. ಸೋಮವಾರ ಸುಣ್ಣದವನು ಬಂದ. ವಿಮಲ ಅವನಿಗೆ ಕಾಫಿ ಕೊಟ್ಟು ಕಳಿಸಿದಳು. ನನಗೆ ಒಂದು ಮಾತೂ ಬೈಯಲಿಲ್ಲ. ಬೈಯುವಷ್ಟು ಆಸೆ ನನ್ನ ಮೇಲೆ ಅವಳಿಗೆ ಉಳಿದಿರಲಿಲ್ಲ ಎಂದು ಈಗ ಅರ್ಥವಾಗುತ್ತಿದೆ. ತಿಂಗಳೊಳಗೆ ಆ ಮೂವರು ಹೆಂಗಸರಲ್ಲೊಬ್ಬಳ ಮನೆಯ ಮಹಡಿಗೆ ಚೌಕಟ್ಟು ಸಾಗಿಸಿ ಅಂಗಡಿ ತೆರೆದಳು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗುತ್ತಾಳೆ, ಸಂಜೆ ಬರುತ್ತಾಳೆ. ಅಂಗಡಿ ಚೆನ್ನಾಗಿ ನಡೆಯುತ್ತಿದೆಯಂತೆ. ನನಗೆ ಹೇಳಿದವರು ಪಕ್ಕದ ಮನೆಯವರು.

ಹಳೆಯ ಗಿರಾಕಿಗಳು ಕೆಲವರು ಇನ್ನೂ ನಮ್ಮ ಮನೆಗೇ ಬರುತ್ತಾರೆ. ರಜಾ ದಿನಗಳಲ್ಲಿ ಅವರಿಗೆ ಗೇಟಿನ ಬಳಿ ನಿಂತು ದಾರಿ ಹೇಳುವುದು ನನ್ನ ಕೆಲಸ. ಮೊನ್ನೆ ಒಬ್ಬ ಹೆಂಗಸು ಮಗಳ ಮದುವೆ ಬ್ಲೌಸು ಹಿಡಿದು ಬಂದಿದ್ದಳು. ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದದ್ದನ್ನು ನೋಡಿ ಅದೇನಣ್ಣ ಎಂದು ಕೇಳಿದಳು. ಬಾಯಿ ತೆರೆದೆ. ವಿಮಾನ ಎನ್ನಲು ಧೈರ್ಯ ಬರಲಿಲ್ಲ. ಹಳೇ ಕಾರು ಎಂದೆ.

"ವಂಡಿ ಓಡುಮಾ ಅಣ್ಣಾ?"

ಓಡುತ್ತದೆ ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ಅದಕ್ಕೆ ಬರುವುದು ಅದೊಂದೇ.