ಸಿಮೆಂಟಿಗೆ ಶಾವಿಗೆ ಉದುರಿಸಿದ ಮೈದುನ

ಝರ್... ಝರ್... ಝರ್! ಶೇಂಗಾ ಸೋಸುವ ನನ್ನ ದೊಡ್ಡ ಕಣ್ಣಿನ ಜರಡಿಯಿಂದ ಉಕ್ಕಿನ ಎಳೆಗಳು ಕಾಂಕ್ರೀಟ್ ಮಿಕ್ಸರಿಗೆ ಉದುರುವ ಆ ಸದ್ದು ಈಗಲೂ ಕಿವಿಯಲ್ಲಿದೆ. ಜರಡಿ ಹಿಡಿದವನು ನನ್ನ ಮೈದುನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಜಾಲಾಡಿದರೂ ಕಾಂಕ್ರೀಟಿಗೆ ಅಡುಗೆಯ ಹದ ನೋಡುವ ಇನ್ನೊಬ್ಬ ಗಂಡಸು ಸಿಗಲಿಕ್ಕಿಲ್ಲ. ನಗುತ್ತೀರಾ? ನಗಿ. ನಾನೂ ನಕ್ಕವಳೇ!

ಆ ಅಡುಗೆ ನನ್ನವರಿಗಾಗಿ. ಲಕ್ವಾ ಹೊಡೆದು ಅವರ ಎಡಗಾಲಿಗೆ ಸ್ಪರ್ಶಜ್ಞಾನವೇ ಇಲ್ಲದಂತಾಗಿತ್ತು. ಇಂಡಿಯ ನಮ್ಮ ಮನೆ ಇರುವುದು ಎರೆಮಣ್ಣಿನ ಮೇಲೆ. ಅಂಗಳದ ನೆಲ ಪ್ರತಿ ಬೇಸಿಗೆಗೂ ಬಾಯಿ ಬಿಡುತ್ತಿತ್ತು. ಒಮ್ಮೆ ಗಾಲಿಕುರ್ಚಿಯ ಚಕ್ರ ಬಿರುಕಿಗೆ ಸಿಕ್ಕಿ ಬಿದ್ದವರು, ಮತ್ತೆ ಹೊಸ್ತಿಲು ದಾಟಲಿಲ್ಲ. ಪ್ರೀತಿಯ ನಿಂಬೆಗಿಡವನ್ನು ಕಿಟಕಿಯಿಂದಲೇ ನೋಡುತ್ತ ಕೂತುಬಿಟ್ಟರು.

"ಅಣ್ಣನ್ನ ಆ ಗಿಡದ ಕೆಳಗ ಕೂಡಸ್ತೀನಿ, ವೈನಿ," ಎಂದ ಮೈದುನ.

ಅವನ ಹುಚ್ಚು ಹಳೆಯದು. ಬೇರೆಯವರ ಕಿಸೆಯಲ್ಲಿ ಅಡಕೆ ಇದ್ದರೆ ಇವನ ಕಿಸೆಯಲ್ಲಿ ಸ್ಟೀಲ್ ಫೈಬರ್! ಹೇರ್‌ಪಿನ್ನಿನಷ್ಟು ಉದ್ದ, ಎರಡೂ ತುದಿ ಕೊಕ್ಕೆ. ಕಾಂಕ್ರೀಟು ಬಿರಿಯಲು ಹೊರಟರೆ ಈ ಎಳೆಗಳು ಎರಡೂ ಬದಿ ಹಿಡಿದುಕೊಂಡು ಬಿಡುವುದಿಲ್ಲವಂತೆ. ಅವನ ಊರು ಸಿಂದಗಿಯ ಬಸ್ಸಿನಲ್ಲಿ ಕಂಡಕ್ಟರ್ ಇವನ ಚೀಲ ಎಡವಿ, "ಏನೈತ್ರೀ ಇದ್ರಾಗ, ಇಷ್ಟ್ ವಜ್ಜ?" ಎಂದರೆ, "ಸಿಮೆಂಟಿನ ಶಾವಿಗಿರಿ. ತಿಂತೀರೇನು?" ಎಂದನಂತೆ. ಸಿಂಪ್ಲಿ ಇಂಪಾಸಿಬಲ್!

ಬಾಗೇವಾಡಿಗೆ ನನ್ನ ತಮ್ಮನ ಮಗನಿಗೆ ಕನ್ಯೆ ನೋಡಲು ಹೋದಾಗ, ಎಲ್ಲರೂ ಹುಡುಗಿಯನ್ನು ನೋಡಿದರೆ ಇವನು ಚಾಪೆ ಎತ್ತಿ ನೆಲ ನೋಡಿದ. "ಹೆಂಗೋ?" ಎಂದು ನಾನು ಕಣ್ಸನ್ನೆ ಮಾಡಿದರೆ, "ನೆಲಕ್ಕ ನೀರು ಸಾಲದು, ಕ್ಯೂರಿಂಗ್ ಕಡಿಮಿ ಆಗ್ಯದ, ವೈನಿ!" ಕಾನ್ವೆಂಟಿನಲ್ಲಿ ನಾನು ಕಲಿತ ಮ್ಯಾನರ್ಸ್ ಎಲ್ಲ ಇವನ ಮುಂದೆ ವೇಸ್ಟ್.

"ಇದೆಲ್ಲ ಫಾರಿನ್ ಫ್ಯಾಶನ್," ಎಂದು ನಾನು ಮೂಗು ಮುರಿದರೆ, "ಅಜ್ಜ ಮಣ್ಣಿನ ಗ್ವಾಡಿಗೆ ಹೊಟ್ಟು ಕಲಸ್ತಿದ್ದಿಲ್ಲೇನ್ರಿ? ಇದು ಸಿಮೆಂಟಿನ ಹೊಟ್ಟು," ಎಂದು ನನ್ನ ಬಾಯಿ ಮುಚ್ಚಿಸಿದ.

ಅಜ್ಜನ ಹೊಟ್ಟನ್ನೇ ನಂಬಿ ಮುದ್ದೇಬಿಹಾಳದ ಬೀಗರ ದನದ ಕೊಟ್ಟಿಗೆಗೆ ನೆಲ ಹಾಕುವಾಗ ಫೈಬರಿನ ಇಡೀ ಚೀಲವನ್ನು ಒಂದೇ ಸಲಕ್ಕೆ ಮಿಕ್ಸರಿಗೆ ಸುರಿದಿದ್ದ. ಎಳೆಗೆ ಎಳೆ ಹೆಣೆದುಕೊಂಡು ಹೊರಬಂದದ್ದು ಮುಳ್ಳುಹಂದಿಯ ಮರಿಗಳು! ಬೀಗರು ಇವತ್ತಿಗೂ ಒಂದನ್ನು ಗೂಡಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾರೆ. ಅದಾದ ಮೇಲೆಯೇ, ಎಳೆಗಳನ್ನು ಬಿಡಿಬಿಡಿಯಾಗಿ ಉದುರಿಸಲೆಂದು, ನನ್ನ ಜರಡಿ ಅಪಹರಣವಾದದ್ದು.

ನಮ್ಮಂಗಳದ ಎರೆಮಣ್ಣು ತೆಗೆಸಿ, ಬಿರಿಯದ ಗರಸು ಮಣ್ಣು ತುಂಬಿಸಿ, ಬಡಿದು ಗಟ್ಟಿ ಮಾಡಿಸಿದ. ಹಿಟ್ಟು ಉದುರಿಸುವಂತೆ ಫೈಬರ್ ಉದುರಿಸಿ, ಹೊಸ್ತಿಲಿನಿಂದ ನಿಂಬೆಗಿಡದವರೆಗೆ ದಾರಿ ಎರೆದ. ಕಿಟಕಿಯಿಂದ ನನ್ನವರು, "ಏನೋ, ವಿಮಾನ ಇಳಸಾಂವೇನು?" ಎಂದು ಕಿಚಾಯಿಸಿದರು.

"ನೀ ಅಂಗಳಕ್ಕ ಇಳದ್ರ ಸಾಕು, ಅಣ್ಣಾ."

ಇಳಿದರು! ಎರಡು ಬೇಸಿಗೆ ಕಳೆದರೂ ಕೂದಲೆಳೆಯಷ್ಟು ಬಿರುಕಿಲ್ಲ. ಗಿಡದ ಕೆಳಗೆ ಕೂತು ಚಹಾಕ್ಕೆ ಹುಕುಂ ಮಾಡುವ ನನ್ನವರು. ಹ್ಯಾಟ್ಸ್ ಆಫ್ ಅನ್ನದೆ ಇರಲಾದೀತೆ?

ಆದರೆ ನೆಲದ ಮೇಲ್ಪದರ ಸವೆದಂತೆ ಅಲ್ಲಲ್ಲಿ ಎಳೆಗಳ ತುದಿ ತಲೆ ಎತ್ತಿದ್ದವು. ಒಂದು ದಿನ, ಕುರ್ಚಿಯಿಂದ ಜಾರಿ ನೆಲಕ್ಕೆ ಉಜ್ಜುತ್ತಿದ್ದ ಅವರ ಎಡ ಅಂಗಾಲಿನಲ್ಲಿ ರಕ್ತ ಕಂಡೆ. ಅವರಿಗೆ ಗೊತ್ತೇ ಆಗಿರಲಿಲ್ಲ. ಫೋನ್ ಮಾಡಿದ್ದೇ ತಡ, ಸಿಂದಗಿಯಿಂದ ಸಿಕ್ಕ ಬಸ್ಸು ಹತ್ತಿ, ತಂತಿ ಕತ್ತರಿಸುವ ಪಕ್ಕಡ್ ಹಿಡಿದು ಬಂದ. ಬಂದವನೇ ಮೊಣಕಾಲೂರಿ ಅಂಗೈಯಿಂದ ನೆಲ ಸವರತೊಡಗಿದ.

"ಕೈ ಹರಕೋತೀಯಲ್ಲೋ! ಕಣ್ಣಿಲೆ ನೋಡಬಾರದ?"

"ಅಣ್ಣಗ ಚುಚ್ಚಿದ್ದು ತಿಳಿಯೂದಿಲ್ಲ, ವೈನಿ. ನನಗರೆ ತಿಳೀಲಿ."

ಆ ವಾರವೇ ಸಿಂದಗಿಯಲ್ಲಿ, ನಿದ್ದೆಯಲ್ಲೇ ಅವನ ಹೃದಯ ನಿಂತಿತು. ನಾನು ಅವನನ್ನು ಕೊನೆಯ ಸಲ ಕಂಡದ್ದು ಹಾಗೆಯೇ: ಬಿಸಿಲಿನಲ್ಲಿ, ಮೊಣಕಾಲ ಮೇಲೆ, ಒಂದೊಂದೇ ಮುಳ್ಳನ್ನು ಕತ್ತರಿಸುತ್ತ ನಿಂಬೆಗಿಡದತ್ತ ಸಾಗುತ್ತಿದ್ದ. ಅವನು ಸವರಿ ಮುಗಿಸಿದಷ್ಟೇ ದಾರಿಯಲ್ಲಿ, ಅವನ ಬೆನ್ನ ಹಿಂದೆಯೇ, ನನ್ನವರ ಗಾಲಿಕುರ್ಚಿ ಮೆಲ್ಲಗೆ ಉರುಳುತ್ತಿತ್ತು.