ತಂಗಿ ತಂದಿಡುವ ನೀರು

ತನ್ನ ಓದಿಗೆ ತಂಗಿ ಮರುಳಾಗಿದ್ದಾಳೆ ಎಂದು ಅಣ್ಣ ಬಹಳ ದಿನ ನಂಬಿಕೊಂಡಿದ್ದ. ನಂಬುವುದಕ್ಕೆ ಕಾರಣಗಳೂ ಇದ್ದವು. ಅವನು ಕಾಮಿಕ್ಸ್ ಹಿಡಿದು ಮಂಚದ ಮೇಲೆ ಕೂತರೆ ಸಾಕು, ಎರಡನೇ ಕ್ಲಾಸಿನ ಆ ಪುಟಾಣಿ ಅಡುಗೆಮನೆಗೆ ಓಡಿ ದೊಡ್ಡ ಲೋಟದ ತುಂಬ ನೀರು ತಂದು ಪಕ್ಕದಲ್ಲಿಡುತ್ತಿದ್ದಳು. ಸ್ವಲ್ಪ ಓದುವಷ್ಟರಲ್ಲಿ, “ಅಣ್ಣಾ, ಗಂಟಲು ಒಣಗಿರುತ್ತೆ, ಕುಡಿ” ಎನ್ನುವಳು. ಪುಟ ತಿರುಗಿಸಲು ಹೋದರೆ ಅಂಗೈಯಿಂದ ಪುಟವನ್ನು ಒತ್ತಿ ಹಿಡಿಯುವಳು. ಇದು ರಸಾನುಭವದ ಪರಾಕಾಷ್ಠೆಯೆಂದು ತೀರ್ಮಾನಿಸಿದ್ದ ಅಣ್ಣ, ಆ ಪುಟ್ಟ ಕೈಯನ್ನು ಮೃದುವಾಗಿ ಸರಿಸಿ ಪುಟ ತಿರುಗಿಸುತ್ತಿದ್ದ.

ಅವನಿಗೆ ಅಂಥ ಒಬ್ಬ ಶ್ರೋತೃ ಬೇಕೇ ಬೇಕಿತ್ತು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಸಾರುವುದು ಅವನ ಕೆಲಸ. ಗಾಜಿನ ಗೂಡಿನೊಳಗಿಂದ ಅವನು ಗಂಭೀರ ಕಂಠದಲ್ಲಿ ಪ್ರಯಾಣಿಕರ ಗಮನ ಕೋರುತ್ತಾನೆ. ಪ್ರಯಾಣಿಕರು ಎದ್ದು ಹೋಗಿ, ಅದೇ ಬಸ್ಸು ಎಲ್ಲಿ ನಿಲ್ಲುತ್ತೆ ಎಂದು ಕಸ ಗುಡಿಸುವವನನ್ನು ಕೇಳುತ್ತಾರೆ. (ಅವನು ಪೊರಕೆಯಲ್ಲೇ ದಿಕ್ಕು ತೋರಿಸುತ್ತಾನೆ. ಅದನ್ನು ಎಲ್ಲರೂ ನಂಬುತ್ತಾರೆ.) ಇಷ್ಟು ವರ್ಷಗಳಲ್ಲಿ ಅಣ್ಣನ ದನಿಗೆ ತಲೆಯೆತ್ತಿ ನೋಡಿದ್ದು ಒಂದು ನಾಯಿ ಮಾತ್ರ, ಅದೂ ಮೈಕು ಕೀಚ್ ಎಂದಾಗ. ಮನೆಯಲ್ಲಿ ಅಮ್ಮನಂತೂ ಹೊಲಿಗೆ ಮೆಷಿನ್ನಿನಿಂದ ಕಣ್ಣು ಕೀಳದೆ, “ಸ್ವಲ್ಪ ಸೌಂಡ್ ಕಮ್ಮಿ ಮಾಡೋ” ಎನ್ನುತ್ತಿದ್ದಳು, ಅವನೇನೋ ರೇಡಿಯೋ ಎಂಬಂತೆ. ಇಡೀ ಭೂಮಂಡಲದಲ್ಲಿ ಅವನಿಗೆ ಕಿವಿಗೊಡುವ ಜೀವವೆಂದರೆ ತಂಗಿ ಒಬ್ಬಳೇ. ಅವಳೂ ಇಲ್ಲವೆಂದರೆ ಅವನು ಮಾತಾಡುವುದಕ್ಕೂ ಗೋಡೆ ಮಾತಾಡುವುದಕ್ಕೂ ವ್ಯತ್ಯಾಸವಿರಲಿಲ್ಲ.

ಓದಿನಲ್ಲೂ ಅವನದು ನಿಲ್ದಾಣದ ಶಿಸ್ತು. ಮಾತು ಮುಗಿಯಿತೋ, ಪುಟ ಹೊರಡಬೇಕು. ರಾಕ್ಷಸ ಢಮಾರ್ ಎಂದು ಬಿದ್ದರೆ, ಎದ್ದ ಧೂಳು ಕೂರುವ ಮೊದಲೇ ಮುಂದಿನ ಪುಟ. ಬರೀ ಚಿತ್ರವಿರುವ ಪುಟಗಳನ್ನು ಎರಡೆರಡು ಒಟ್ಟಿಗೇ ಮಗುಚುತ್ತಿದ್ದ. ಹತ್ತುವವರೂ ಇಲ್ಲದ, ಇಳಿಯುವವರೂ ಇಲ್ಲದ ಕಡೆ ಬಸ್ಸು ನಿಲ್ಲಿಸುವುದು ಯಾವ ನ್ಯಾಯ?

ಹೀಗಿರುವಾಗ, ಭಾನುವಾರದ ಹೊತ್ತು ಮಕ್ಕಳಿಗೆ ಚಿತ್ರಕಥೆ ಓದಿ ಹೇಳುವವರು ಬೇಕಾಗಿದ್ದಾರೆ ಎಂದು ಹತ್ತಿರದ ಗ್ರಂಥಾಲಯದ ಬಾಗಿಲಿಗೆ ಚೀಟಿ ಅಂಟಿತು. ಅಣ್ಣ ಅಂದೇ ಹೋಗಿ ಹೆಸರು ಕೊಟ್ಟ. ಪಿಸುದನಿಯಲ್ಲೇ ಗದರಬಲ್ಲ ಗ್ರಂಥಾಲಯದ ಮೇಡಂ, ಒಂದು ವಾರ ನೋಡೋಣ, ಮಕ್ಕಳಿಗೆ ಹಿಡಿಸಿದರೆ ಪ್ರತಿ ಭಾನುವಾರ ನೀವೇ ಎಂದರು. ಒಂದು ಕೋಣೆ ತುಂಬ ಕಿವಿಗಳು! ಅವನು ಆ ವಾರವಿಡೀ ಕಂಠ ಪಳಗಿಸಿದ. ನಿಲ್ದಾಣದಲ್ಲಿ ಒಂದು ಬಸ್ಸನ್ನು ರಾಕ್ಷಸನ ದನಿಯಲ್ಲೇ ಸಾರಿ ನೋಡಿದ. (ಯಾರಿಗೂ ಗೊತ್ತಾಗಲಿಲ್ಲ.)

ಸುದ್ದಿ ಕೇಳಿದ ತಂಗಿ ಮಾತ್ರ ಯಾಕೋ ಪೆಚ್ಚಾದಳು. “ಅಲ್ಲಿ ನೀರಿರುತ್ತಾ?” ಎಂದಷ್ಟೇ ಕೇಳಿದಳು. ಅಣ್ಣನ ಕಣ್ಣು ಒದ್ದೆಯಾಯಿತು.

ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದಾಗ, ಮೊದಲೇ ಬಂದಿದ್ದ ತಂಗಿ ಚಾಪೆಯ ಮೇಲಿದ್ದ ಮಕ್ಕಳ ಕಿವಿಯಲ್ಲಿ ಏನೋ ಊದುತ್ತಿದ್ದಳು. ಅಣ್ಣನ ಗುಣಗಾನವೇ ಇರಬೇಕು. ಮನೆಯಲ್ಲಿ ಎಷ್ಟೋ ಸಲ ಓದಿದ ಪುಸ್ತಕವನ್ನೇ ಅವನು ಶುರು ಮಾಡಿದ. ಎರಡನೇ ಪುಟಕ್ಕೆ, ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ಎದ್ದು ಬಂದು ಬಾಟಲಿ ಚಾಚಿದ: “ಅಂಕಲ್, ನೀರು.” ಅಂಕಲ್ ಎಂದದ್ದನ್ನು ಅಣ್ಣ ನೀರಿನೊಂದಿಗೇ ನುಂಗಿಕೊಂಡ. ಮುಂದಿನ ಪುಟಕ್ಕೆ ಇನ್ನೊಂದು ಬಾಟಲಿ ಬಂತು. ಆಮೇಲೆ ಸ್ಟ್ರಾ ಇದ್ದದ್ದು. ಆಮೇಲೆ ಆನೆಯ ಮುಖದ್ದು. ಅಭಿಮಾನಿಗಳ ಪ್ರೀತಿಯನ್ನು ತಿರಸ್ಕರಿಸುವ ಅಹಂಕಾರ ಅವನಿಗಿರಲಿಲ್ಲ; ಕುಡಿದ, ಕುಡಿದ, ಕುಡಿಯುತ್ತಲೇ ಹೋದ. ಕಥಾನಾಯಕ ಪ್ರಪಾತದ ಮೇಲೆ ಹಗ್ಗ ಹಿಡಿದು ನೇತಾಡುವ ಪುಟಕ್ಕೆ ಬರುವಷ್ಟರಲ್ಲಿ, ನಾಯಕ ಇನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳಬಹುದಾಗಿತ್ತು, ಅಣ್ಣನಿಗೆ ಸಾಧ್ಯವಿರಲಿಲ್ಲ. ಪುಸ್ತಕವನ್ನು ತಂಗಿಯ ಕೈಗೆ ತುರುಕಿ, ಒಂದೇ ನಿಮಿಷ ಎಂದು ಹಿಂದಿನ ಬಾಗಿಲಿಂದ ಓಡಿದ.

ವಾಪಸು ಬರುವಾಗ ಅವನಿಗಿದ್ದ ಹೆದರಿಕೆ ಒಂದೇ: ತನ್ನ ದನಿಯಿಲ್ಲದೆ ಮಕ್ಕಳು ಕೋಣೆಯನ್ನು ರಣರಂಗ ಮಾಡಿರುತ್ತವೆ. ಹಾಗೇನೂ ಆಗಿರಲಿಲ್ಲ. ಸ್ಟೂಲಿನ ಮೇಲೆ ನಿಂತ ತಂಗಿ ಅದೇ ಪುಟವನ್ನು ಬಿಡಿಸಿ ಹಿಡಿದಿದ್ದಳು. ಮಕ್ಕಳೆಲ್ಲ ಮೂಗು ತಾಗುವಷ್ಟು ಹತ್ತಿರ ಬಂದು, ಉಸಿರು ಬಿಗಿಹಿಡಿದು ನೋಡುತ್ತಿದ್ದವು.

“ನೋಡ್ರೋ, ಇಲಿ ಹಗ್ಗ ಕಡೀತಾ ಇದೆ,” ಎಂದ ಹಲ್ಲಿಲ್ಲದ ಹುಡುಗ.

“ಹಿಂದಿನ ಪುಟದಲ್ಲೂ ಇತ್ತು. ಬಂಡೆ ಮರೆಯಲ್ಲಿ,” ಎಂದಿತು ಇನ್ನೊಂದು.

“ಇಲೀನಾ? ಯಾವ ಇಲಿ?” ಎಂದ ಅಣ್ಣ. ಅಷ್ಟು ಸಲ ಓದಿದರೂ ಆ ಮೂಷಿಕ ಮಹಾಶಯ ಅವನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಅದು ಬಾಯಿಬಿಟ್ಟು ಒಂದು ಮಾತೂ ಆಡಿರಲಿಲ್ಲವಲ್ಲ. ಅವನ ಪ್ರಶ್ನೆಗೆ ಯಾರೂ ತಿರುಗಿ ನೋಡಲಿಲ್ಲ. ಥೇಟ್ ಬಸ್ ನಿಲ್ದಾಣ.

ಕೊನೆಗೆ ಮೇಡಂ ಬಳಿಗೆ ಬಂದು, ಮುಂದಿನ ವಾರವೂ ತಪ್ಪದೆ ಬನ್ನಿ ಎಂದು ಪಿಸುಗುಟ್ಟಿದರು. ಅಣ್ಣನ ಎದೆ ಹಿಗ್ಗಿತು. “ಪಾಪ, ಹುಡುಗಿಗೆ ಕೈ ನೋಯುತ್ತೆ. ಪುಸ್ತಕ ಎತ್ತಿ ಹಿಡಿಯೋಕೆ ನಿಮ್ಮಂಥ ಎತ್ತರದವರೇ ಬೇಕು. ಮಾತಾಡೋ ಶ್ರಮ ಏನೂ ಇರಲ್ಲ.”

ಮನೆಗೆ ಹೋಗುವಾಗ ತಂಗಿ ಕುಣಿಯುತ್ತಾ ಮುಂದೆ, ಅಣ್ಣ ಕಾಲೆಳೆಯುತ್ತಾ ಹಿಂದೆ. ತಿರುವಿನ ದೀಪದ ಕಂಬ ದಾಟುವ ತನಕ ಅವನು ಬಾಯಿಗೆ ಬಂದ ಪ್ರಶ್ನೆಯನ್ನು ತಡೆದುಕೊಂಡ. ಉಳಿದಿದ್ದ ಏಕೈಕ ಶ್ರೋತೃವನ್ನು ಕಳೆದುಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ. ಕೇಳದೆ ಇರಲೂ ಆಗಲಿಲ್ಲ.

“ನಿಜ ಹೇಳು ಪುಟ್ಟೀ, ನಾನು ಓದೋದರಲ್ಲಿ ನಿನಗೆ ಎಲ್ಲಕ್ಕಿಂತ ಇಷ್ಟ ಯಾವುದು? ರಾಕ್ಷಸನ ದನೀನಾ, ರಾಜಕುಮಾರೀದಾ?”

ತಂಗಿ ನಿಂತು, ಪ್ರಾಮಾಣಿಕವಾಗಿ ಯೋಚಿಸಿದಳು.

“ನೀನು ನೀರು ಕುಡಿಯೋದು. ಆಗ ಚಿತ್ರ ನೋಡಬಹುದು.”