ಚೋಟ್ಯಾ ನೀರು ಹಂಚಿದ್ದು

ಬಸವಂತ್ರಾಯ ಸಾಹುಕಾರರ ಹೊಟ್ಟೆಯ ಬಗ್ಗೆ ಹುಲಗಪ್ಪ ತನ್ನ ಜನ್ಮದಲ್ಲಿ ಒಂದು ಮಾತೂ ಆಡಿದವನಲ್ಲ. ಆಡಿದ್ದು ಅವನ ಬಲಗೈ. ಆ ಕೈಗೆ ಅವನು ತೊಡುತ್ತಿದ್ದ ಗೊಂಬೆಯ ಹೆಸರು ಚೋಟ್ಯಾ. ಕಟ್ಟಿಗೆಯ ತಲೆ, ಟಕಟಕ ಬಡಿಯುವ ದವಡೆ, ಕೂಸಿನ ಅಂಗಿ, ತಲೆಗಿಂತ ದೊಡ್ಡದಾದ ಹಸಿರು ರುಮಾಲು. ಸಗರ ಊರಿನ ಆಸುಪಾಸಿನಲ್ಲಿ ಕೂಸಿಗೆ ಹೆಸರಿಡಲಿ, ಲಗ್ನವಾಗಲಿ, ಚೋಟ್ಯಾ ಬಂದು ನಾಲ್ಕು ಮಂದಿಯನ್ನು ಬೈಯದಿದ್ದರೆ ಉಂಡ ಹೋಳಿಗೆ ಅರಗುತ್ತಿರಲಿಲ್ಲ. ಬೈಸಿಕೊಂಡವರೂ ವಾರಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದರು. ಹುಲಗಪ್ಪನೋ, ಗೊಂಬೆ ಕಳಚಿದರೆ ಅಂಗಡಿಯಲ್ಲಿ ಚಹಾಪುಡಿ ಕೇಳಲೂ ತೊದಲುವ ಬಡಪಾಯಿ.

ಒಂದು ಸಂಜೆ ಹೆಸರಿಡುವ ಕಾರ್ಯವೊಂದರಲ್ಲಿ ಚೋಟ್ಯಾ, "ನಮ್ಮ ಸಾಹುಕಾರ್ರು ಶಹಾಪುರ ಬಸ್ಸು ಹತ್ತಿದ್ರ ಹೊಟ್ಟಿಗೊಂದು ಬ್ಯಾರೆ ತಿಕೀಟು ತಗೋತಾರ" ಎಂದುಬಿಟ್ಟ. ನೆರೆದವರೆಲ್ಲ ನಕ್ಕರು. ಸಾಹುಕಾರರ ಹೆಂಡತಿ ಭಾಗಮ್ಮ ತಲೆಯ ಸೆರಗು ಜಾರಿದ್ದೂ ತಿಳಿಯದಂತೆ ನಕ್ಕಳು. ಸಾಹುಕಾರರಿಗೆ ಉರಿದದ್ದು ಅದಕ್ಕೇ.

ಬೆಳಗಾಗುವಷ್ಟರಲ್ಲಿ ಹೊಲಗಾಲುವೆ ಬರಿದಾಗಿತ್ತು. ದೊಡ್ಡ ಕಾಲುವೆಯ ನೀರು ಮೊದಲು ಹಾಯುವುದು ಸಾಹುಕಾರರ ಹೊಲಕ್ಕೆ. ಅವರು ಅಲ್ಲಿಯೇ ಮಣ್ಣು ತುಂಬಿದ ಚೀಲಗಳನ್ನು ಒಟ್ಟಿ ಅಡ್ಡ ಕಟ್ಟಿಸಿದ್ದರು. ಅವರ ಕೆಳಗಿನದೇ ಹುಲಗಪ್ಪನ ಹೊಲ, ಅದರ ಕೆಳಗೆ ಉಳಿದವರದು. ಭತ್ತ ತೆನೆ ಬಿಡುವ ಹೊತ್ತು. ಮಾರನೆಯ ಬೆಳಿಗ್ಗೆ ದೊಡ್ಡ ಕಾಲುವೆಯೇ ಬಂದ್ ಆಗುವುದಿತ್ತು. ಅಷ್ಟರೊಳಗೆ ನೀರು ಹಾಯದಿದ್ದರೆ ಬೆಳೆಯೆಲ್ಲ ಜೊಳ್ಳು.

"ಹೋಗಿ ಸಾಹುಕಾರ್ರ ಕಾಲು ಹಿಡೀರಿ," ಎಂದಳು ಹೆಂಡತಿ ಅಯ್ಯಮ್ಮ. "ಜೊಳ್ಳು ಕುಟ್ಟಿ ಅನ್ನಾ ಮಾಡಾಕ ನನಗ ಬರಂಗಿಲ್ಲ."

ಹುಲಗಪ್ಪ ಹೋಗಿ ಸಾಹುಕಾರರ ಕಟ್ಟೆಯ ಕೆಳಗೆ ಕೈಮುಗಿದು ನಿಂತ. "ಸಾಹುಕಾರ್ರ, ತ... ತಪ್ಪಾಗ್ಯಾದ್ರಿ."

"ನಿಂದೇನಲೇ ತಪ್ಪು? ನೀ ನನಗ ಏನರ ಅಂದಿಯೇನು?"

"ಇ... ಇಲ್ರಿ."

"ಮತ್ತ ನೀ ಯಾಕ ಮಾಫಿ ಕೇಳಾಕತ್ತಿ? ಅಂದಾವ ಅವ. ಅವನ್ನ ಕರಕೊಂಡು ಬಾ."

ಹುಲಗಪ್ಪ ಪಕ್ಕದಲ್ಲಿದ್ದ ಸಾಬಣ್ಣನ ಮುಖ ನೋಡಿದ. ಸಾಬಣ್ಣನ ಹೊಲವೂ ಅದೇ ಹೊಲಗಾಲುವೆಯ ಮೇಲಿತ್ತು. ಕರೆಯದಿದ್ದರೂ ಎಲ್ಲರ ಪಂಚಾಯಿತಿಗೆ ಹಾಜರಾಗುವುದು ಅವನ ರೂಢಿ. "ಸಾಹುಕಾರ್ರು ನ್ಯಾಯದ ಮಾತು ಹೇಳ್ಯಾರ," ಎಂದ ಅವನು. "ಒಬ್ಬ ಬೈದಿದ್ದಕ್ಕ ಇನ್ನೊಬ್ಬ ಮಾಫಿ ಕೇಳಿದ್ರ ಹ್ಯಾಂಗ?"

ಹುಲಗಪ್ಪ ಮನೆಗೆ ಹೋಗಿ ಚೋಟ್ಯಾನನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುವಷ್ಟರಲ್ಲಿ ಓಣಿಯೆಲ್ಲ ಅಲ್ಲಿತ್ತು. ಎಲ್ಲರೂ ಬುದ್ಧಿ ಹೇಳುವವರೇ, ಅದೂ ಹುಲಗಪ್ಪನಿಗಲ್ಲ. "ಚೋಟ್ಯಾ, ಬರೇ ಕೈ ಮುಗಿ. ಬಾಯಿ ತಗೀಬ್ಯಾಡಪಾ," ಎಂದು ಸಾಬಣ್ಣ ಗೊಂಬೆಯ ಗಲ್ಲ ಸವರಿದ. ಭಾಗಮ್ಮ ಎರಡು ಕಪ್ಪು ಚಹಾ ತಂದು ಹುಲಗಪ್ಪ, ಚೋಟ್ಯಾ ಇಬ್ಬರ ಮುಂದೂ ಇಟ್ಟಳು.

ಚೋಟ್ಯಾ ರುಮಾಲು ನೆಲಕ್ಕೆ ತಾಗುವಂತೆ ಬಗ್ಗಿದ. "ತಪ್ಪಾತ್ರಿ ಸಾಹುಕಾರ್ರ. ಹೊಟ್ಟಿಗಿ ಬ್ಯಾರೆ ತಿಕೀಟು ಅಂದಿದ್ದು ಶುದ್ಧ ಸುಳ್ಳ್ರಿ."

ಸಾಹುಕಾರರ ಮುಖ ಸಡಿಲಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ನೀರು ಹರಿಯುತ್ತಿತ್ತು. ಆದರೆ ಅಷ್ಟು ಬಾಯಿಗಳು ಅರ್ಧ ತೆರೆದುಕೊಂಡು ಕಾಯುತ್ತಿದ್ದಾಗ ಸುಮ್ಮನಿರುವುದು ಹುಲಗಪ್ಪನಿಂದ ಆಗದ ಮಾತು. ನಾಲಿಗೆ ನವೆಯಾಡಿತು.

"ಹೊಟ್ಟಿಗಿ ಒಂದೇ ತಿಕೀಟು ತಗೋತಾರ್ರಿ," ಎಂದ ಚೋಟ್ಯಾ. "ತಮಗ ತಗೊಳ್ಳಂಗೇ ಇಲ್ಲ. ಹೊಟ್ಟಿ ಹಿಂದ ಅವರು ಅದಾರಂತ ಕಂಡಕ್ಟರಗ ಗೊತ್ತೇ ಆಗಂಗಿಲ್ಲ!"

ಮಂದಿ ಹೋ ಎಂದಿತು. ಸಾಹುಕಾರರು ಧಡಕ್ಕನೆ ಎದ್ದು ನಿಂತರು. ಮುಖ ಹಣ್ಣುಮೆಣಸಿನಕಾಯಿ. ಹುಲಗಪ್ಪ ಗೊಂಬೆಯನ್ನು ಬೆನ್ನ ಹಿಂದೆ ಅಡಗಿಸಿದ. ಆಗ ಸಾಹುಕಾರರ ಹೊಟ್ಟೆ ನಡುಗಿತು. ಆಮೇಲೆ ಹೆಗಲು, ಆಮೇಲೆ ಮೀಸೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, "ಬದ್ಮಾಷ್! ಚೀಲ ತಗೀರಲೇ!" ಎಂದು ಕೂತುಬಿಟ್ಟರು.

ಹುಲಗಪ್ಪನಿಗೆ ಹೋದ ಜೀವ ಬಂತು. ಆದರೆ ಚೀಲ ತೆಗೆಯುವ ಮೊದಲೇ ಹೊಸ ಜಗಳ ಹುಟ್ಟಿತು. ಅರ್ಧ ದಿನ ಹಾಳಾಗಿತ್ತು. ಉಳಿದ ಹೊತ್ತಿನಲ್ಲಿ ಯಾರ ಹೊಲಕ್ಕೆ ಮೊದಲು? ಸಾಬಣ್ಣ ತನ್ನದಕ್ಕೆ ಎಂದ, ಕೆಳಗಿನ ಹೊಲದ ದುರಗಪ್ಪ ಅವನ ಅಂಗಿ ಹಿಡಿದ.

"ಸುಮ್ಮ ನಿಂದರ್ರಿ!" ಸಾಹುಕಾರರು ಗದರಿದರು. "ಪಾಳಿ ಚೋಟ್ಯಾ ಹೇಳ್ಲಿ. ಅವಗ ಹೊಲ ಇಲ್ಲ, ಬೀಗರಿಲ್ಲ, ಯಾರ ಮುಲಾಜೂ ಇಲ್ಲ."

ಎಲ್ಲರೂ ಒಪ್ಪಿದರು. ಹುಲಗಪ್ಪನ ಎದೆ ಹಿಗ್ಗಿತು. ಊರ ನೀರೆಲ್ಲ ತನ್ನ ಅಂಗೈಯಲ್ಲಿ! 'ಹುಲಗಪ್ಪಗ ಮೊದಲು' ಎಂದರೆ ಮುಗಿಯಿತು. ಆದರೆ ಎತ್ತಿದ ಬಾಯಿಗೇ ಹಾಗೆಂದರೆ ಮಂದಿಗೆ ಸಂಶಯ ಬಂದೀತು. ಸ್ವಲ್ಪ ನಗಿಸಿ ಆಮೇಲೆ ಹೇಳಿದರಾಯಿತು ಎಂದುಕೊಂಡ.

"ದುರಗಪ್ಪಗ ಮೊದಲ ಬಿಡ್ರಿ," ಎಂದ ಚೋಟ್ಯಾ. "ಅವನ ಹೊಲಕ್ಕಿಂತ ಅವನ ಮಾರಿ ಜಾಸ್ತಿ ಒಣಗ್ಯಾದ."

ಮಂದಿ ನಕ್ಕಿತು.

"ಆಮ್ಯಾಲ ಸಾಬಣ್ಣಗ. ನೀರು ತಿರುವೋ ನೆವದಾಗರ ಒಮ್ಮೆ ಜಳಕಾ ಮಾಡ್ತಾನ."

ಭಾಗಮ್ಮ ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದಳು. ಉಳಿದ ಹೊಲದವರಾದ ರಾಜಾಸಾಬನಿಗೊಂದು ಚಟಾಕಿ, ಹಂಪಣ್ಣನಿಗೊಂದು. ಪ್ರತಿ ನಗೆಗೂ ಒಂದೊಂದು ಪಾಳಿ ಕೈಬಿಟ್ಟು ಹೋಗುತ್ತಿತ್ತು. ನಗೆಯ ಅಮಲಿನಲ್ಲಿದ್ದ ಹುಲಗಪ್ಪನಿಗೆ ಅದರ ಖಬರೇ ಇರಲಿಲ್ಲ.

"ನಮ್ಮ ಹೊಲಕ್ಕ ಯಾವಾಗ?" ಮಂದಿಯ ಹಿಂದಿನಿಂದ ಅಯ್ಯಮ್ಮ ಕೂಗಿದಳು.

ಹುಲಗಪ್ಪನಿಗೆ ಎಚ್ಚರವಾಯಿತು. ಹೇಳಬೇಕಾದ ಮಾತು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಷ್ಟೂ ಮುಖಗಳು ಮತ್ತೆ ಬಾಯಿ ತೆರೆದು ಗೊಂಬೆಯನ್ನೇ ನೋಡುತ್ತಿದ್ದವು. ಚೋಟ್ಯಾ ನಿಧಾನವಾಗಿ ತಿರುಗಿ ಹುಲಗಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಈ ಹುಲಗಪ್ಪಗಾ? ಲಗ್ನದಾಗ ಬಡಸಾವರು ಯಾವಾಗ ಉಣ್ತಾರ್ರಿ?"

"ಕಡೀಕ!" ಎಂದಿತು ಇಡೀ ಓಣಿ.

"ಅದೂ ಉಳದ್ರ!" ಎಂದ ಚೋಟ್ಯಾ.

ಅಂಥ ನಗೆಯನ್ನು ಹುಲಗಪ್ಪ ಎಂದೂ ಗಳಿಸಿರಲಿಲ್ಲ. ಮುದುಕರು ಕೆಮ್ಮಿ ಕೆಮ್ಮಿ ನಕ್ಕರು. ಸಾಹುಕಾರರು ತೊಡೆ ತಟ್ಟಿ, "ಮುಗೀತು, ಚೋಟ್ಯಾ ಹೇಳಿದ್ದೇ ಪಾಳಿ. ನಡೀರಿ!" ಎಂದರು. ಮಂದಿ ಸಲಿಕೆ ಹೊತ್ತು ಏಳತೊಡಗಿತು. ಅಯ್ಯಮ್ಮ ಮಾತ್ರ ನಗದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಆ ಕೊನೆಯ ಪಾಳಿ ಬರುವಷ್ಟರಲ್ಲಿ ದೊಡ್ಡ ಕಾಲುವೆಯೇ ಬಂದ್ ಆಗಿರುತ್ತದೆ ಎಂಬುದು ಹುಲಗಪ್ಪನಿಗೆ ಹೊಳೆದದ್ದು ಆಗ. ಇದ್ದಬದ್ದ ಧೈರ್ಯ ಒಟ್ಟುಮಾಡಿ, ಸ್ವಂತ ದನಿಯಲ್ಲಿ, "ನಿಂದರ್ರಿ! ನಂದೂ ಒಂದು ಮಾ... ಮಾತು ಕೇಳ್ರಿ!" ಎಂದು ಕೂಗಿದ.

ಸಾಬಣ್ಣ ತಿರುಗಿ ಕಣ್ಣು ಕೆಕ್ಕರಿಸಿದ.

"ಏ ಹುಲಗಪ್ಪ, ಸುಮ್ಮ ನಿಂದ್ರು. ಚೋಟ್ಯಾ ಮಾತಾಡಾಗ ನಡುವ ಬಾಯಿ ಹಾಕಬ್ಯಾಡ."